ಪೂಜೆ ಮಾತ್ರೆ

ಹೊಸದಾಗಿ ಕೆಲಸಕ್ಕೆ ಸೇರಿ ನಮ್ಮ ಕಾಫಿ ಸೀಮೆಗೆ ಬರುವ ನರ್ಸ್ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟು: ಪಂಚಾಂಗ ನೋಡುವುದನ್ನು ಕಲಿಯಿರಿ. ಸೂಜಿ ಚುಚ್ಚುವುದು, ಬಿ.ಪಿ. ನೋಡುವುದು, ಹೆರಿಗೆ ಮಾಡಿಸುವುದು ಎಲ್ಲವನ್ನೂ ನಿಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿರುತ್ತಾರೆ. ಪಂಚಾಂಗವನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ. ಗೌರಿ ಹಬ್ಬ ಯಾವಾಗ, ಮದುವೆ ಮುಹೂರ್ತಗಳು ಯಾವ ತಿಂಗಳಲ್ಲಿ ಹೆಚ್ಚು, ನವರಾತ್ರಿ ಎಂದು ಶುರು ಎಂಬುದು ಗೊತ್ತಿಲ್ಲದೆ ಇಲ್ಲಿ ಕುಟುಂಬ ಯೋಜನೆ ನಡೆಸುವುದು ಕಷ್ಟ. ಯಾಕೆ ಎಂದು ಸಾವಧಾನವಾಗಿ ಹೇಳುತ್ತೇನೆ. ನಿವೃತ್ತಿಯಾಗಿದೆ, ನನ್ನ ಮಾತನ್ನು ಅರ್ಧಕ್ಕೆ ನಿಲ್ಲಿಸಲು ಈಗ ಮೇಲಧಿಕಾರಿಗಳು ಯಾರೂ ಇಲ್ಲ.

ಸರ್ಕಾರದ ಕಾಗದದಲ್ಲಿ ನಾನು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಈ ಹೆಸರನ್ನು ಸರ್ಕಾರ ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಜನರಿಗೆ ನಾನು ಸಿಸ್ಟರ್, ವಯಸ್ಸಾದವರಿಗೆ ನರ್ಸಮ್ಮ, ಎಸ್ಟೇಟಿನ ಆಳುಗಳ ಲೈನ್ ಮನೆಗಳ ಮಕ್ಕಳಿಗೆ ಸೂಜಿ ಅಕ್ಕ. ಮೊದಲು ಕೆಲವು ವರ್ಷ ಕಳಸದ ಕಡೆ ಇದ್ದೆ, ಆಮೇಲೆ ಗೋಣಿಬೀಡಿನಿಂದ ಒಳಗಿರುವ ಒಂದು ಊರಿನ ಉಪಕೇಂದ್ರಕ್ಕೆ ಬಂದೆ. ಉಪಕೇಂದ್ರವೆಂದರೆ ಎರಡು ಕೋಣೆ. ಒಂದರಲ್ಲಿ ಸರ್ಕಾರ, ಇನ್ನೊಂದರಲ್ಲಿ ನಾನು.

ತೊಂಬತ್ತರ ದಶಕದ ಮೊದಲ ಭಾಗದಲ್ಲಿ ಗುರಿ ಎಂಬುದಿತ್ತು. ವರ್ಷಕ್ಕೆ ಇಷ್ಟು ಹೆಂಗಸರಿಗೆ ಸಂತಾನಹರಣದ ಆಪರೇಷನ್ ಮಾಡಿಸಬೇಕು, ಇಲ್ಲದಿದ್ದರೆ ಮೀಟಿಂಗಿನಲ್ಲಿ ಎದ್ದು ನಿಲ್ಲಬೇಕು. ಗುರಿ ನಮಗೆ ಮಾತ್ರ ಇರಲಿಲ್ಲ. ಶಾಲೆ ಮೇಷ್ಟ್ರಿಗೂ ಇತ್ತು, ಶ್ಯಾನುಭೋಗರಿಗೂ ಇತ್ತು. ಹಾಗಾಗಿ ಎರಡು ಮಕ್ಕಳಾದ ಹೆಂಗಸೊಬ್ಬಳು ಊರಲ್ಲಿದ್ದರೆ ಅವಳ ಮನೆ ಮುಂದೆ ಮೂರು ಇಲಾಖೆಯವರು ಸಾಲಾಗಿ ನಿಲ್ಲುತ್ತಿದ್ದೆವು. ಕಳಸದ ಹತ್ತಿರ ಕಮಲ ಎಂಬವಳಿಗೆ ಮೇಷ್ಟ್ರು ಮಗಳನ್ನು ಪಾಸು ಮಾಡಿಸುವುದಾಗಿ ಹೇಳಿದ್ದರು. ನಾನು ಹೆಚ್ಚಿಗೆ ಟಾನಿಕ್ ಕೊಡುವುದಾಗಿ ಹೇಳಿದ್ದೆ. ಶ್ಯಾನುಭೋಗರು ಬಹಳ ದಿನದಿಂದ ನಿಂತುಹೋಗಿದ್ದ ಅವಳ ಮನೆಯ ಖಾತೆ ಬದಲಾವಣೆಯನ್ನು ಎರಡೇ ದಿನದಲ್ಲಿ ಮಾಡಿಕೊಟ್ಟು ಗೆದ್ದುಬಿಟ್ಟರು. ಆಪರೇಷನ್ ಕ್ಯಾಂಪಿನ ದಿನ ಅವಳನ್ನು ಜೀಪಿನಲ್ಲಿ ಮೆರವಣಿಗೆಯ ಹಾಗೆ ಕರೆತಂದರು. ಟೇಬಲ್ ಮೇಲೆ ಮಲಗಿಸಿ ನೋಡಿದರೆ ಹೊಟ್ಟೆ ಮೇಲೆ ಹಳೆಯ ಗಾಯದ ಗುರುತು. ತೌರಿನಲ್ಲಿ ಯಾವತ್ತೋ ಆಪರೇಷನ್ ಮಾಡಿಸಿಕೊಂಡಿದ್ದಳು.

"ಮೊದ್ಲೇ ಹೇಳ್ಬಾರ್ದೇನಮ್ಮ?" ಎಂದರು ಡಾಕ್ಟರು.

"ಕೇಳಿದವ್ರು ಯಾರು? ಬಾ ಬಾ ಅಂದ್ರು, ಬಂದೆ" ಎಂದಳು ಕಮಲ. ಖಾತೆ ಆಗಿತ್ತು, ಅವಳಿಗೆ ಬೇರೆ ಚಿಂತೆ ಇರಲಿಲ್ಲ.

ಇಷ್ಟೆಲ್ಲ ಓಡಾಟದಲ್ಲಿ ಗಂಡಸರ ಮನೆ ಬಾಗಿಲಿಗೆ ಯಾರೂ ಹೋಗುತ್ತಿರಲಿಲ್ಲ. ಗಂಡಸರ ಆಪರೇಷನ್ ಸುಲಭ, ಕಾಲು ಗಂಟೆಯ ಕೆಲಸ ಎಂದು ನಾನು ಹೇಳಿದಾಗಲೆಲ್ಲ ಒಂದೇ ಉತ್ತರ: "ಆಮೇಲೆ ಏಣಿ ಹತ್ತೋಕಾಗಲ್ವಂತೆ ಸಿಸ್ಟರ್. ಮೆಣಸು ಕೊಯ್ಯೋರು ಯಾರು, ಮರಗಸಿ ಮಾಡೋರು ಯಾರು?" ತೋಟದ ನೆರಳಿನ ಮರಗಳ ಕೊಂಬೆ ಕಡಿಯುವುದಕ್ಕೆ ಇಲ್ಲಿ ಮರಗಸಿ ಎನ್ನುತ್ತಾರೆ, ಅದು ಗಂಡಸರ ಕೆಲಸ. ಹೊಟ್ಟೆ ಕೊಯ್ಸಿಕೊಂಡ ಹೆಂಗಸರು ಹೊಲಿಗೆ ಆರುವ ಮೊದಲೇ ಕಾಫಿ ಹಣ್ಣಿನ ಮೂಟೆ ಹೊರುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ಯಾರಿಗೂ ತೊಂದರೆ ಅನ್ನಿಸಿರಲಿಲ್ಲ.

ಆಮೇಲೆ ಸರ್ಕಾರ ಗುರಿಯನ್ನು ಕೈಬಿಟ್ಟಿತು. ಇನ್ನು ಮುಂದೆ ಜನರೇ ತಮಗೆ ಬೇಕಾದ ವಿಧಾನವನ್ನು ಆರಿಸಿಕೊಳ್ಳುತ್ತಾರೆ, ನಾವು ತಿಳಿಸಿ ಹೇಳಿದರೆ ಸಾಕು ಎಂದರು. ಮಾತ್ರೆ, ನಿರೋಧ್ ಎಂಬ ಕಾಂಡೋಮ್, ಕಾಪರ್-ಟಿ ಮೂರೂ ಬೇಕಾದಷ್ಟು ಬರತೊಡಗಿದವು. ನಾನು ಉತ್ಸಾಹದಿಂದ ಹಂಚಿದೆ. ಮಳೆಗಾಲ ಹಿಡಿಯುವುದೇ ತಡ, ನಿರೋಧ್ ಖಾಲಿಯಾಗತೊಡಗಿತು. ಮೇಸ್ತ್ರಿಗಳು, ತೋಟದ ಲೆಕ್ಕ ಬರೆಯುವ ರೈಟರುಗಳು, ಆಳುಗಳು ಎಲ್ಲರೂ ನಾಚಿಕೆ ಬಿಟ್ಟು ಕೇಳಿ ಪಡೆದರು. ಮೂಡಿಗೆರೆಯ ಮೀಟಿಂಗಿನಲ್ಲಿ ನನ್ನನ್ನು ಹೊಗಳಿದರು. ಮಳೆಗಾಲದಲ್ಲಿ ಜನ ಮನೆಯೊಳಗೇ ಇರುವುದರಿಂದ ಬಳಕೆ ಏರುವುದು ಸಹಜ ಎಂದು ಒಬ್ಬ ಅಧಿಕಾರಿ ವಿವರಣೆಯನ್ನೂ ಕೊಟ್ಟರು. ಒಂದು ದಿನ ಸುರಿಯುವ ಮಳೆಯಲ್ಲಿ ತೋಟದ ದಾರಿಯಲ್ಲಿ ಬರುತ್ತಿದ್ದಾಗ ಮೇಸ್ತ್ರಿಯೊಬ್ಬ ಮರದಡಿ ನಿಂತು, ಅಂಗಿ ಜೇಬಿನಿಂದ ನನ್ನದೇ ಸರಬರಾಜನ್ನು ತೆಗೆದು, ಅದರೊಳಗಿಂದ ಬೆಂಕಿಪೊಟ್ಟಣವನ್ನೂ ಬೀಡಿಯನ್ನೂ ಹೊರತೆಗೆದ. ಒಂದೇ ಗೀರಿಗೆ ಕಡ್ಡಿ ಹತ್ತಿಕೊಂಡಿತು.

"ಒಂದ್ ಹನಿ ನೀರು ಒಳಗೆ ಹೋಗಲ್ಲ ಸಿಸ್ಟರ್. ಸರ್ಕಾರ ಒಳ್ಳೇ ಮಾಲು ಕೊಟ್ಟಿದೆ" ಎಂದ.

ಇನ್ನು ಮಾತ್ರೆಯ ವಿಷಯ. ಅದೂ ಹೀಗೇ ಶ್ರಾವಣ ಭಾದ್ರಪದದಲ್ಲಿ ಏರುತ್ತಿತ್ತು, ಆಮೇಲೆ ಇಳಿಯುತ್ತಿತ್ತು. ಮಾಘದಲ್ಲಿ ಮದುವೆಗಳು ಶುರುವಾದರೆ ಮತ್ತೆ ಏರುತ್ತಿತ್ತು. ಹೊಸ ಮದುಮಕ್ಕಳು ಜಾಗೃತರಾಗಿದ್ದಾರೆ ಎಂದು ನಾನು ಖುಷಿಪಟ್ಟೆ. ನಿಜ ಹೇಳಿಕೊಟ್ಟವರು ದೊಡ್ಡ ತೋಟದ ಮನೆಯ ಅಮ್ಮ ಒಬ್ಬರು. ಡ್ರೈವರನ ಕೈಲಿ ಹೇಳಿಕಳಿಸಿ ನನ್ನನ್ನು ಕರೆಸಿಕೊಂಡರು. ಕಾಫಿ ಕೊಟ್ಟು, ಮಗಳ ಗೃಹಪ್ರವೇಶದ ವಿಷಯವೆಲ್ಲ ಹೇಳಿ, ಕೊನೆಗೆ ದನಿ ತಗ್ಗಿಸಿ, "ಆ ಪೂಜೆ ಮಾತ್ರೆ ಇದೆಯಂತಲ್ಲ ನಿಮ್ಮ ಹತ್ರ? ನಂಗೆ ಸರಿಯಾಗಿ ಅವತ್ತೇ ಹೊರಗಾಗೋ ಡೇಟು" ಎಂದರು.

ಮುಟ್ಟು ಮುಂದೆ ಹಾಕಲು ಹೆಂಗಸರು ಬಳಸುತ್ತಿದ್ದುದು ನಾನು ಕೊಡುತ್ತಿದ್ದ ಮಾತ್ರೆ. ಲೈನಿನಿಂದ ಹಿಡಿದು ದೊಡ್ಡ ಬಂಗಲೆವರೆಗೆ ಅದಕ್ಕೆ ಪೂಜೆ ಮಾತ್ರೆ ಎಂದೇ ಹೆಸರು. ಯಾವ ದೇವರು ಯಾವತ್ತು ಬರುತ್ತಾನೋ ಅದಕ್ಕೆ ತಕ್ಕಂತೆ ನಮ್ಮ ತಾಲ್ಲೂಕಿನ ಕುಟುಂಬ ಯೋಜನೆ ಏರಿ ಇಳಿಯುತ್ತಿತ್ತು. ನಾನು ಆ ಅಮ್ಮನಿಗೆ, ಇದನ್ನು ಹೀಗೆ ಮನಸ್ಸಿಗೆ ಬಂದ ಹಾಗೆ ನುಂಗಬಾರದು, ಡಾಕ್ಟರನ್ನು ಕೇಳಬೇಕು, ಮೂಲತಃ ಇದು ಮಕ್ಕಳಾಗದ ಹಾಗೆ ತೆಗೆದುಕೊಳ್ಳುವ ಮಾತ್ರೆ ಎಂದು ವಿವರಿಸಿದೆ. ಅವರು ಗಾಬರಿಯಾದರು. "ಶಿವ ಶಿವಾ, ಅಂಥವೆಲ್ಲ ನಾವು ತಗೊಳಲ್ಲ ಕಣ್ರೀ. ನಂಗೆ ಬೇಕಾಗಿರೋದು ಪೂಜೆದು" ಎಂದು ಸ್ಟ್ರಿಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡರು.

ಸುಮಿತ್ರಳ ಕಥೆ ಶುರುವಾಗುವುದು ಇಲ್ಲಿಂದ. ಉಪಕೇಂದ್ರಕ್ಕೆ ಹತ್ತಿರದ ಒಂದು ಸಣ್ಣ ಹಿಡುವಳಿಯ ಮನೆಯ ಸೊಸೆ ಅವಳು. ಗಂಡ ರಮೇಶ, ಅತ್ತೆ ಗಿರಿಜಮ್ಮ. ಇಬ್ಬರು ಹೆಣ್ಣುಮಕ್ಕಳು. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಅವಳನ್ನು ಜೀಪಿನಲ್ಲಿ ಹಾಸನಕ್ಕೆ ಒಯ್ದಿದ್ದರು. ಬದುಕಿ ಬಂದದ್ದೇ ಹೆಚ್ಚು. ಇನ್ನೊಂದು ಬಸಿರಾದರೆ ಜೀವ ಉಳಿಸುವುದು ಕಷ್ಟ ಎಂದು ಅಲ್ಲಿನ ಡಾಕ್ಟರು ರಮೇಶನನ್ನು ಹೊರಗೆ ಕರೆದು ಸ್ಪಷ್ಟವಾಗಿ ಹೇಳಿದ್ದರು. ರಮೇಶ ಅದನ್ನು ಹೆಂಡತಿಗೆ ಹೇಳಿದ. ತಾಯಿಗೆ ಮಾತ್ರ, "ರೆಸ್ಟ್ ಬೇಕಂತೆ" ಎಂದಷ್ಟೇ ಹೇಳಿದ. ಅವ್ವ ಬೇಜಾರು ಮಾಡಿಕೊಳ್ಳುತ್ತಾಳೆ ಎಂಬುದು ಅವನ ಕಾರಣ. ಕೆಟ್ಟವನಲ್ಲ. ಮನೆಯಲ್ಲಿ ಯಾವ ಮಾತೂ ಜೋರಾಗಬಾರದು ಎನ್ನುವ ಜಾತಿಯ ಗಂಡಸು, ಅಂಥವರು ನಮ್ಮ ಕಡೆ ಬಹಳ ಮಂದಿ.

ಹಾಗಾಗಿ ಗಿರಿಜಮ್ಮ ಮೊಮ್ಮಗ ಯಾವಾಗ ಎಂದು ಬಂದವರೆದುರು ಹೋದವರೆದುರು ಕೇಳುತ್ತಲೇ ಇದ್ದರು. ಸುಮಿತ್ರಳ ಆಪರೇಷನ್ನಿನ ಮಾತೆತ್ತಿದರೆ ರಮೇಶ "ನೋಡಾಣ" ಎನ್ನುತ್ತಿದ್ದ. ಅವನದೇ ಆಪರೇಷನ್ನಿನ ಮಾತೆತ್ತಿದರೆ ಮೆಣಸಿನ ಬಳ್ಳಿಯನ್ನೂ ಏಣಿಯನ್ನೂ ನೆನಪಿಸುತ್ತಿದ್ದ. ಕಾಪರ್-ಟಿ ಮೊದಲೊಮ್ಮೆ ಹಾಕಿಸಿ, ರಕ್ತಸ್ರಾವ ತಾಳದೆ ತೆಗೆಸಿಯಾಗಿತ್ತು. ಉಳಿದದ್ದು ಮಾತ್ರೆ. ಸುಮಿತ್ರ ಒಂದು ದಿನವೂ ತಪ್ಪಿಸದೆ ನುಂಗುತ್ತಿದ್ದಳು. ನನ್ನ ಸರ್ವೀಸಿನಲ್ಲಿ ಅಷ್ಟು ಶಿಸ್ತಿನವಳನ್ನು ಇನ್ನೊಬ್ಬಳನ್ನು ಕಂಡಿಲ್ಲ.

ಒಮ್ಮೆ ಗಿರಿಜಮ್ಮ ಅವಳ ಸ್ಟ್ರಿಪ್ಪನ್ನು ನೋಡಿಬಿಟ್ಟರು. ಎಂಥದು ಇದು ಎಂದು ಕೇಳಿದ್ದಕ್ಕೆ ಸುಮಿತ್ರ ಥಟ್ಟನೆ, "ಪೂಜೆಗೇಂತ ತಂದಿಟ್ಟಿದ್ದು ಅತ್ತೆ" ಎಂದಳಂತೆ. ಗಿರಿಜಮ್ಮನಿಗೆ ಸೊಸೆಯ ಭಕ್ತಿ ಕಂಡು ಸಂತೋಷವಾಯಿತು. ಅಂಥದನ್ನು ಟ್ರಂಕಿನಲ್ಲಿ ಯಾಕೆ ಬಚ್ಚಿಡಬೇಕು ಎಂದು ತಾವೇ ಒಯ್ದು ದೇವರ ಕೋಣೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ ಇಟ್ಟರು. ಅಂದಿನಿಂದ ಸುಮಿತ್ರ ದಿನಾ ಸಂಜೆ ದೀಪ ಹಚ್ಚಿ, ಕೈಮುಗಿದು, ಮಾತ್ರೆ ನುಂಗಿ ಹೊರಗೆ ಬರುತ್ತಿದ್ದಳು. ಅದನ್ನು ಹೇಳುವಾಗ ಅವಳಿಗೂ ನಗು, ನನಗೂ ನಗು. ದೇವರ ಕೋಣೆಯಷ್ಟು ಭದ್ರವಾದ ಜಾಗ ಆ ಮನೆಯಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದೆವು.

ಆ ಹೊತ್ತಿಗೆ ಎರಡು ಸಾವಿರ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ನಮ್ಮ ಉಪಕೇಂದ್ರಕ್ಕೆ ಮೇಲಿನದಾದ ಆರೋಗ್ಯ ಕೇಂದ್ರಕ್ಕೆ ಹೊಸದೊಂದು ಮಾತ್ರೆ ಬಂದಿತು. ತುರ್ತು ಗರ್ಭನಿರೋಧಕ ಮಾತ್ರೆ. ಮುಂಜಾಗ್ರತೆ ತಪ್ಪಿಹೋದರೆ, ಕಾಂಡೋಮ್ ಹರಿದರೆ, ಬಲಾತ್ಕಾರವಾದರೆ, ಮೂರು ದಿನದೊಳಗೆ ತೆಗೆದುಕೊಳ್ಳಬೇಕು. ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಪುಟ್ಟ ಪೊಟ್ಟಣದಲ್ಲಿ ಎರಡು ಮಾತ್ರೆ, ಒಂದನ್ನು ಕೂಡಲೇ, ಇನ್ನೊಂದನ್ನು ಹನ್ನೆರಡು ಗಂಟೆ ಬಿಟ್ಟು. ನಿಂತ ಬಸಿರನ್ನು ಇದು ತೆಗೆಯುವುದಿಲ್ಲ, ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ, ಅದೂ ನೂರಕ್ಕೆ ನೂರು ಅಲ್ಲ. ಇದನ್ನೆಲ್ಲ ಆ ಕೇಂದ್ರದ ನಮ್ಮ ಡಾಕ್ಟರೇ ನಮಗೆ ಓದಿ ಹೇಳಿದರು. ಹೇಳಿ ಮುಗಿಸಿ ಪೊಟ್ಟಣಗಳನ್ನೆಲ್ಲ ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಸಾರ್, ಉಪಕೇಂದ್ರಕ್ಕೆ?" ಎಂದೆ.

"ಬೇಡ ಬೇಡ. ಇದು ಕೈಗೆ ಸಿಕ್ರೆ ಕಾಲೇಜು ಹುಡುಗೀರು ಕೆಡ್ತಾರೆ. ಬೇಕಾದವ್ರು ನನ್ನ ಹತ್ರ ಬಂದು ಕಾರಣ ಹೇಳಿ ತಗೊಳ್ಳಿ."

ಬೇರೆ ವಿಷಯಗಳಲ್ಲಿ ಒಳ್ಳೆಯ ಡಾಕ್ಟರು ಅವರು, ಹಾವು ಕಚ್ಚಿದವರಿಗೆ ರಾತ್ರಿಯೆಲ್ಲ ಕೂತು ನೋಡಿದವರು. ಆದರೆ ಹುಡುಗಿಯರು ಕೆಡುವುದಕ್ಕೆ ಸರ್ಕಾರದ ಸರಬರಾಜಿಗಾಗಿ ಕಾದಿರಲಿಲ್ಲ ಎಂಬುದು ಅವರಿಗೆ ಹೊಳೆಯಲಿಲ್ಲ. ಹುಡುಗರಂತೂ ಯಾವುದಕ್ಕೂ ಕಾದವರಲ್ಲ. ಕಾರಣ ಹೇಳಿ ತೆಗೆದುಕೊಳ್ಳಲು ಒಬ್ಬಳೂ ಬರಲಿಲ್ಲ.

ಆ ವರ್ಷದ ಗೌರಿ ಹಬ್ಬಕ್ಕೆ ಗಿರಿಜಮ್ಮನ ಮಗಳು ಶೋಭಾ ವಸ್ತಾರೆಯ ಗಂಡನ ಮನೆಯಿಂದ ನಾಲ್ಕು ದಿನ ಮೊದಲೇ ತೌರಿಗೆ ಬಂದಳು. ಬಾಗಿನ ಕೊಡಬೇಕು, ಮಗಳಿಗೆ ಸರಿಯಾಗಿ ಹಬ್ಬದ ದಿನವೇ ಮುಟ್ಟಿನ ದಿನ. ಗಿರಿಜಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ದೇವರ ಗೂಡಿನಿಂದ ಸ್ಟ್ರಿಪ್ ತೆಗೆದು ಮಗಳ ಕೈಗೆ ಕೊಟ್ಟರು. ಅದು ಸುಮಿತ್ರ ಮಾರನೇ ದಿನದಿಂದ ಶುರುಮಾಡಬೇಕಾಗಿದ್ದ ಹೊಸ ಸ್ಟ್ರಿಪ್. ಅವಳು ಹೇಗೆ ಬೇಡ ಎನ್ನುತ್ತಾಳೆ? ಪೂಜೆಗೆ ಎಂದು ಹೇಳಿದವಳು ಅವಳೇ. ನನ್ನ ಹತ್ತಿರ ಬೇರೆ ತರೋಣವೆಂದರೆ ಮನೆ ತುಂಬ ನೆಂಟರು, ಹೊರಗೆ ಕಾಲಿಡುವ ಹಾಗಿಲ್ಲ. ಬಂದಿದ್ದರೂ ಪ್ರಯೋಜನವಿರಲಿಲ್ಲ. ಊರಿನ ಗೌರಿಯರೆಲ್ಲ ಸೇರಿ ನನ್ನ ಡಬ್ಬವನ್ನು ಹಬ್ಬದ ಮೊದಲೇ ಬರಿದು ಮಾಡಿದ್ದರು.

ಗಣಪತಿ ಬಿಟ್ಟು ಎರಡು ದಿನಕ್ಕೆ ಸುಮಿತ್ರ ಚಿಕ್ಕ ಮಗುವಿಗೆ ಕೆಮ್ಮು ಎಂದು ಹೇಳಿಕೊಂಡು ಬಂದಳು. ಮಗು ಕೆಮ್ಮುತ್ತಿರಲಿಲ್ಲ.

"ಮಾತ್ರೆ ಇದ್ಯಾ ಸಿಸ್ಟರ್?"

"ಎಲ್ಲಿಂದ ಬರ್ಬೇಕು ಮಾರಾಯ್ತಿ? ಹಬ್ಬಕ್ಕೆ ಮುಂಚೆನೇ ಖಾಲಿ. ಯಾಕೆ, ನಿಂಗೆ ಕೊಟ್ಟಿದ್ನಲ್ಲ?"

"ಅದು ಶೋಭನ ಪಾಲಾಯ್ತು" ಎಂದು ಶುರುಮಾಡಿ ಎಲ್ಲವನ್ನೂ ಹೇಳಿದಳು. ಕೊನೆಯದನ್ನು ಹೇಳುವಾಗ ಮುಖ ತಿರುಗಿಸಿಕೊಂಡಳು. ಮಾತ್ರೆ ಇಲ್ಲದೆ ದಿನಗಳಾಗಿದ್ದವು, ಹಿಂದಿನ ರಾತ್ರಿ ಅವಳು ಗಂಡನಿಗೆ ಬೇಡವೆಂದಿದ್ದಳು, ಅವನು ಒಂದು ದಿನಕ್ಕೆ ಎಂಥ ಆಗ್ತದೆ ಎಂದಿದ್ದ.

"ಅವನಿಗೆ ನಿರೋಧ್ ಕೊಟ್ಟಿದ್ನಲ್ಲೇ ನಾನು?"

"ಇದೆ ಸಿಸ್ಟರ್. ಬೆಂಕಿಪೊಟ್ಟಣಕ್ಕೆ ಹಾಕ್ಕಂಡಿದಾರೆ." ಹೇಳುತ್ತ ಅವಳು ನಕ್ಕಳು, ನಗುತ್ತಲೇ ಅಳತೊಡಗಿದಳು. "ಈ ಎರಡು ಹುಡುಗೀರು ಯಾರ ಕೈಗೆ ಹೋಗ್ತಾವೆ ಹೇಳಿ" ಎಂದಳು. ಇಷ್ಟು ವರ್ಷ ನಗುತ್ತ ಬಂದ ಪೂಜೆ ಮಾತ್ರೆಯ ವಿಷಯದಲ್ಲಿ ನನಗೆ ಆಮೇಲೆ ಎಂದೂ ನಗು ಪೂರ್ತಿಯಾಗಿ ಬರಲಿಲ್ಲ.

ಆರೋಗ್ಯ ಕೇಂದ್ರಕ್ಕೆ ಓಡಿದೆ. ಡಾಕ್ಟರು ಇಲ್ಲ, ಚಿಕ್ಕಮಗಳೂರಿನಲ್ಲಿ ಟ್ರೈನಿಂಗ್, ಮೂರು ದಿನ ಬರುವುದಿಲ್ಲ. ಯಾವುದರ ಟ್ರೈನಿಂಗ್ ಎಂದು ಅಟೆಂಡರನನ್ನು ಕೇಳಿದೆ. "ಅದೇ ಸಿಸ್ಟರ್, ತುರ್ತು ಮಾತ್ರೆದು" ಎಂದ. ಬೀರು ನಮ್ಮಿಬ್ಬರನ್ನೂ ನೋಡುತ್ತ ನಿಂತಿತ್ತು. ಮೂಡಿಗೆರೆಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಅಂಥದು ತರಿಸಿಲ್ಲ, ತರಿಸಿದರೂ ಡಾಕ್ಟರ ಚೀಟಿ ಬೇಕು ಎಂದರು. ಯಾರಿಗೆ ಎಂದು ಅಂಗಡಿ ತುಂಬ ಕೇಳುವ ಹಾಗೆ ವಿಚಾರಿಸಿದರು. ನನಗೇ ಎಂದು ಹೇಳಿ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಆಗ ನನಗೆ ನಲವತ್ತು ದಾಟಿತ್ತು, ಅಂಗಡಿಯವರಿಗೆ ಒಂದು ವಾರಕ್ಕೆ ಸಾಕಾಗುವಷ್ಟು ಮಾತು ಕೊಟ್ಟಂತಾಯಿತು.

ಟ್ರೈನಿಂಗಿನ ಹಾಲ್ ಬಾಗಿಲಲ್ಲಿ ನಿಂತಾಗ ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಮೈಕಿನಲ್ಲಿ, ಈ ಮಾತ್ರೆಯ ವಿಷಯದಲ್ಲಿ ಒಂದೊಂದು ಗಂಟೆಯೂ ಮುಖ್ಯ ಎನ್ನುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಡಾಕ್ಟರು ಅದನ್ನು ಬರೆದುಕೊಳ್ಳುತ್ತಿದ್ದರು. ಹೊರಗೆ ಕರೆದು ವಿಷಯ ಹೇಳಿದೆ.

"ಮದುವೆ ಆದವ್ರಾ?"

"ಎರಡು ಮಕ್ಕಳ ತಾಯಿ ಸಾರ್."

"ಮದುವೆ ಆದವ್ರಿಗೆ ಎಂಥ ತುರ್ತು ಸಿಸ್ಟರ್?"

ಅವರು ತಮಾಷೆ ಮಾಡುತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಆ ಮಾತ್ರೆ ಇದ್ದದ್ದೇ ಕಾಲೇಜು ಹುಡುಗಿಯರಿಗಾಗಿ, ಅದೂ ಅವರಿಗೆ ಕೊಡದೆ ಇರುವುದಕ್ಕಾಗಿ. ನಾನು ಹಾಸನದ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವರ ಮುಖ ಬದಲಾಯಿತು. ಸುಮಿತ್ರಳನ್ನು ಆ ದಿನ ಜೀಪಿಗೆ ಹತ್ತಿಸಿದವರು ಅವರೇ.

"ಕೀ ಕ್ವಾರ್ಟರ್ಸಲ್ಲಿದೆ" ಎಂದರು. "ಕ್ವಾರ್ಟರ್ಸಿನ ಕೀ ನಮ್ಮನೆಯವ್ರ ಹತ್ರ. ಅವ್ರು ಗೌರಿ ಹಬ್ಬಕ್ಕೆ ತೌರಿಗೆ ಹೋಗಿದಾರೆ."

ನನಗೆ ಗೌರಿಯ ಮೇಲೇ ಕೋಪ ಬಂತು. ಡಾಕ್ಟರು ಒಳಗೆ ಹೋಗಿ, ಟ್ರೈನಿಂಗಿನಲ್ಲಿ ಎಲ್ಲರಿಗೂ ಕೊಟ್ಟಿದ್ದ ಬ್ಯಾಗಿಗೆ ಕೈಹಾಕಿ, ಪೆನ್ನು ಪುಸ್ತಕದ ಜೊತೆ ಇದ್ದ ಮಾದರಿ ಪೊಟ್ಟಣವನ್ನು ತಂದುಕೊಟ್ಟರು. "ಬೇಗ ಹೋಗಿ. ಯಾರಿಗೂ ಹೇಳ್ಬೇಡಿ" ಎಂದರು. ಇಷ್ಟು ವರ್ಷ ಹೇಳಿರಲಿಲ್ಲ. ಬೀರುವಿನಲ್ಲಿದ್ದ ಪೊಟ್ಟಣಗಳು ಅವಧಿ ಮೀರುವವರೆಗೆ ಅಲ್ಲೇ ಇದ್ದವು. ಬಳಕೆಯಾಗದ ಕಾರಣ ನಮ್ಮಲ್ಲಿ ಅದಕ್ಕೆ ಬೇಡಿಕೆ ಇಲ್ಲ ಎಂದು ಮೇಲಕ್ಕೆ ವರದಿ ಹೋಯಿತು.

ಸಂಜೆ ಸುಮಿತ್ರಳ ಮನೆಗೆ ಹೋದೆ. ಗಿರಿಜಮ್ಮ ಜಗಲಿಯಲ್ಲಿ ಕೂತು ಬಾಗಿನದ ಉಳಿದ ಮೊರಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಬನ್ನಿ ಸಿಸ್ಟ್ರೆ. ಎಂತ, ಈ ಹೊತ್ನಲ್ಲಿ?"

"ಮಗೂಗೆ ಕೆಮ್ಮು ಅಂದ್ರಲ್ಲ, ಔಷಧಿ ಕೊಟ್ಟು ಹೋಗಾಣ ಅಂತ."

ಕೆಮ್ಮಿನ ಬಾಟಲಿಯ ಕೆಳಗೆ ಪೊಟ್ಟಣವನ್ನು ಹಿಡಿದು ಸುಮಿತ್ರಳ ಕೈಗೆ ದಾಟಿಸಲು ನೋಡಿದೆ. ಗಿರಿಜಮ್ಮನ ಕಣ್ಣು ಚುರುಕು. "ಅದ್ಯಾವ ಪೂಜೆಗೆ? ಗಣಪತಿನೂ ಬಿಟ್ಟಾಯ್ತಲ್ಲ" ಎಂದರು.

ನಾನು ಒಂದು ಸುಳ್ಳನ್ನು ಬಾಯಲ್ಲಿ ಸಿದ್ಧ ಮಾಡಿಕೊಳ್ಳುತ್ತಿದ್ದೆ. ಸುಮಿತ್ರಳಿಗೆ ಸಾಕಾಗಿತ್ತು ಅನ್ನಿಸುತ್ತದೆ.

"ಪೂಜೆಗಲ್ಲ ಅತ್ತೆ. ಯಾವತ್ತೂ ಪೂಜೆಗಲ್ಲ. ಇನ್ನೊಂದು ಬಸಿರಾದ್ರೆ ನಾನು ಉಳಿಯಲ್ಲ ಅಂದಿದಾರೆ. ನೀವು ಶೋಭಂಗೆ ಕೊಟ್ಟಿದ್ದು ಅದಕ್ಕೆ ತಗೊಳ್ತಿದ್ದ ಮಾತ್ರೆ."

ಗಿರಿಜಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಯಾರು ಅಂದಿದ್ದು?"

"ಹಾಸನದ ಡಾಕ್ಟ್ರು."

"ಯಾರ ಹತ್ರ ಅಂದ್ರು?"

"ಇವ್ರ ಹತ್ರ."

"ರಮೇಶಂಗೆ ಗೊತ್ತಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೊಸೆಯನ್ನೇ ನೋಡಿದರು. "ಆ ಜೀಪಲ್ಲಿ ನಿನ್ನ ತಲೆ ನನ್ನ ತೊಡೆ ಮೇಲಿತ್ತು ಕಣೇ. ನಾನುಟ್ಟ ಸೀರೆ ಆಮೇಲೆ ಉಡೋ ಹಾಗಿರ್ಲಿಲ್ಲ, ಸುಟ್ಟು ಹಾಕ್ದೆ. ರೆಸ್ಟ್ ತಗೊಂಡ್ರೆ ಸರಿಹೋಗ್ತದೆ ಅಂದ ಅವ್ನು. ನಾನು ನಂಬ್ದೆ. ನೀನಾದ್ರೂ ಒಂದ್ ಮಾತು ಹೇಳ್ಬಾರ್ದಾ?"

"ಹೇಳಿದ್ರೆ ಕೇಳ್ತಿದ್ರಾ ಅತ್ತೆ? ಮೊಮ್ಮಗ ಮೊಮ್ಮಗ ಅಂತಿದ್ರಿ."

ಗಿರಿಜಮ್ಮ ಎದ್ದು ಒಳಗೆ ಹೋದರು. ಸಿಟ್ಟಾಗಿ ಹೋದರು ಎಂದುಕೊಂಡೆ. ಚೊಂಬಿನಲ್ಲಿ ನೀರು ತಂದು ಸೊಸೆಯ ಮುಂದೆ ಹಿಡಿದರು. "ಮೊದ್ಲು ನುಂಗು. ಮಾತು ಆಮೇಲೆ." ಎರಡನೆಯದನ್ನು ಬೆಳಿಗ್ಗೆ ಯಾವಾಗ ಎಂದು ನನ್ನನ್ನು ಕೇಳಿ, "ನಾನು ಎಬ್ಬಿಸ್ತೀನಿ" ಎಂದರು. ಈ ಮಾತ್ರೆ ಗ್ಯಾರಂಟಿ ಅಲ್ಲ, ಮುಟ್ಟು ಬರುವವರೆಗೆ ಕಾಯಬೇಕು, ತಡವಾದರೆ ಪರೀಕ್ಷೆ ಮಾಡಿಸಬೇಕು, ಅಲ್ಲಿವರೆಗೆ ರಮೇಶ ಬೆಂಕಿಪೊಟ್ಟಣಕ್ಕೆ ಬೇರೆ ಏನಾದರೂ ಹುಡುಕಿಕೊಳ್ಳಲಿ ಎಂದು ಹೇಳಿ ನಾನು ಹೊರಟೆ.

ಆ ಕಾಯುವ ದಿನಗಳಲ್ಲಿ ಹೇಳುವಂಥದು ಏನೂ ನಡೆಯಲಿಲ್ಲ, ಕಾದದ್ದಷ್ಟೇ. ಅದನ್ನು ಹಾಗೇ ಬಿಟ್ಟು ಆಮೇಲಿನ ಕಾಲದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಕೆಲವು ವರ್ಷಕ್ಕೆ ಆ ಮಾತ್ರೆ ಚೀಟಿ ಇಲ್ಲದೆ ಅಂಗಡಿಯಲ್ಲಿ ಸಿಗತೊಡಗಿತು, ಒಂದೇ ಗುಳಿಗೆಯಾಯಿತು, ಟಿ.ವಿ.ಯಲ್ಲಿ ಜಾಹೀರಾತು ಬಂತು. ಬೀರುವಿನಲ್ಲಿ ಬೀಗ ಹಾಕಿಕೊಂಡಿದ್ದದ್ದು ಧಾರಾವಾಹಿಗಳ ಮಧ್ಯೆ ಕುಣಿಯತೊಡಗಿತು. ಆಗ ಒಂದು ಎಸ್ಟೇಟಿನ ರೈಟರ್, ಹೊಸದಾಗಿ ಮದುವೆಯಾದ ಹುಡುಗ, ಹೆಂಡತಿಯನ್ನು ಕರೆದುಕೊಂಡು ಬಂದ. ಅವಳ ಮುಟ್ಟು ಲೆಕ್ಕ ತಪ್ಪಿ ತಿಂಗಳಿಗೆ ಎರಡು ಸಲ ಬರುತ್ತಿತ್ತು, ತಲೆ ಸುತ್ತು ಬೇರೆ. ವಿಚಾರಿಸಿದರೆ ಅವನು ಹೆಚ್ಚುಕಡಿಮೆ ವಾರವಾರ ಆ ಗುಳಿಗೆ ತಂದುಕೊಡುತ್ತಿದ್ದ.

"ದಿನಾ ನುಂಗೋ ರಗಳೆ ಇಲ್ವಲ್ಲ ಸಿಸ್ಟರ್, ಇದೇ ಸುಲಭ" ಎಂದ.

"ಪೆಟ್ರೋಲ್ ಬಂಕಲ್ಲಿ ಮರಳಿನ ಬಕೆಟ್ ಇಟ್ಟಿರ್ತಾರಲ್ಲ, ಅದನ್ನ ತಂದು ದಿನಾ ಮನೆ ಒಲೆ ಆರಿಸ್ತೀಯೇನಪ್ಪಾ?" ಎಂದೆ. "ಸುಲಭ ಯಾರಿಗೆ? ತಲೆ ಸುತ್ತೋದು ಅವ್ಳಿಗೆ."

ಆ ಮಾತ್ರೆಯ ಬಗ್ಗೆ ನನ್ನ ಅಭಿಪ್ರಾಯ ಕೇಳುವ ಹುಡುಗಿಯರಿಗೆ ಇದನ್ನೇ ಹೇಳುತ್ತೇನೆ. ಅದು ಕೈಗೆ ಸಿಗುವ ಹಾಗೆ ಇರಬೇಕು, ಕಾರಣ ಕೇಳದೆ ಕೊಡಬೇಕು. ಆದರೆ ಅದು ದಿನಬಳಕೆಯದಲ್ಲ, ದಿನಬಳಕೆಗೆ ಅದಕ್ಕಿಂತ ಭರವಸೆಯವು ಇವೆ. ರೋಗ ಅಂಟುವುದನ್ನು ಅದು ತಡೆಯುವುದಿಲ್ಲ, ಅದಕ್ಕೆ ಕಾಂಡೋಮೇ ಬೇಕು. ಜವಾಬ್ದಾರಿಯುತ ಬಳಕೆ ಎಂದು ನಾವು ಪೋಸ್ಟರ್ ಅಂಟಿಸುತ್ತಿದ್ದೆವು. ಪೋಸ್ಟರಿನಲ್ಲಿ ಗಂಡ ಹೆಂಡತಿ ಇಬ್ಬರೂ ನಗುತ್ತಿದ್ದರು. ನಮ್ಮ ಸೀಮೆಯಲ್ಲಿ ಜವಾಬ್ದಾರಿ ಹೆಂಡತಿಯದು, ನಗು ಗಂಡನದು. ಡಾಕ್ಟರು ಹೆದರಿದ್ದು ಕಾಲೇಜು ಹುಡುಗಿಯರ ಬಗ್ಗೆ, ಕೊನೆಗೆ ಅದನ್ನು ಹಾಳುಗೆಡವಿದ್ದು ಇಂಥ ಗಂಡಂದಿರು.

ಈಗ ಸುಮಿತ್ರಳ ವಿಷಯ. ನವರಾತ್ರಿ ಬಂತು. ಅವಳಿಂದ ಸುದ್ದಿ ಇಲ್ಲ. ನಾನು ಲೆಕ್ಕ ಹಾಕಿ ಹಾಕಿ ಸಾಕಾಗಿದ್ದೆ, ಪರೀಕ್ಷೆಗೆ ಬರಲು ಹೇಳಿಕಳಿಸಬೇಕು ಎಂದುಕೊಂಡಿದ್ದೆ. ಶುಕ್ರವಾರ ಬೆಳಿಗ್ಗೆ ಉಪಕೇಂದ್ರದಲ್ಲಿ ನಾಲ್ಕಾರು ಹೆಂಗಸರು ಕೂತಿದ್ದಾಗ ಗಿರಿಜಮ್ಮ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಅವತ್ತು ಅವರ ಮನೆಯಲ್ಲಿ ಲಕ್ಷ್ಮಿ ಪೂಜೆ ಎಂದು ನನಗೆ ಗೊತ್ತಿತ್ತು, ಪ್ರತಿವರ್ಷ ಸೊಸೆಯ ಕೈಯಲ್ಲೇ ಮಾಡಿಸುತ್ತಿದ್ದರು.

"ಪೂಜೆ ಬಿಟ್ಟು ಬಂದ್ರಲ್ಲ ಅಮ್ಮ?" ಎಂದೆ.

"ಎಲ್ಲಿ ಪೂಜೆ?" ಎಂದರು ಗಿರಿಜಮ್ಮ, ಎಲ್ಲರಿಗೂ ಕೇಳುವ ಹಾಗೆ. "ಸುಮಿತ್ರ ಬೆಳಿಗ್ಗೆ ಹೊರಗಾದ್ಲು. ಹಿತ್ಲು ಕಡೆ ಕೋಣೇಲಿ ಕೂತಿದಾಳೆ."

ಕೂತಿದ್ದ ಹೆಂಗಸರೆಲ್ಲ ಅಯ್ಯೋ ಎಂದು ಲೊಚಗುಟ್ಟಿದರು. ಪೂಜೆಯ ದಿನವೇ ಹೀಗಾಗಬೇಕೇ, ಸಿಸ್ಟರ್ ಹತ್ತಿರ ಮೊದಲೇ ಮಾತ್ರೆ ತೆಗೆದುಕೊಳ್ಳಬಾರದಿತ್ತೇ ಎಂದು ಒಬ್ಬಳು ಕೇಳಿಯೂ ಬಿಟ್ಟಳು. ಗಿರಿಜಮ್ಮ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಏಲಕ್ಕಿ ಹಾಕಿದ ಸಜ್ಜಿಗೆ, ಇನ್ನೂ ಬಿಸಿ ಇತ್ತು.

"ಮೂವತ್ತು ವರ್ಷ ಆಯ್ತು ಆ ಮನೇಲಿ ಪೂಜೆ ಮಾಡ್ತಾ. ಹೊರಗಾದ್ಲು ಅಂತ ಸಿಹಿ ಮಾಡಿದ್ದು ಇದೇ ಮೊದ್ಲು. ತಿನ್ನಿ" ಎಂದರು. ನನಗೆ ಕಣ್ಣು ತುಂಬಿ ಬಂತು. ಲೊಚಗುಟ್ಟಿದ ಹೆಂಗಸರಿಗೂ ಅವರೇ ಒಂದೊಂದು ತುತ್ತು ಕೊಟ್ಟರು, ಯಾಕೆಂದು ಅವರಿಗೆ ಗೊತ್ತಾಗಲಿಲ್ಲ.

ಎಲ್ಲರೂ ಹೋದ ಮೇಲೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಗಂಡಸರ ಆಪರೇಷನ್ ಕಾಲು ಗಂಟೆದು ಅಂತಿದ್ರಲ್ಲ ಸಿಸ್ಟ್ರೆ. ಅದು ನಿಜಾನಾ?"

"ನಿಜ ಅಮ್ಮ."

"ಏಣಿ ಹತ್ತೋಕಾಗ್ತದಾ?"

"ಒಂದು ವಾರ ಬಿಟ್ಟು ಧಾರಾಳವಾಗಿ ಹತ್ಬಹುದು."

"ಹತ್ತದಿದ್ರೂ ಪರ್ವಾಗಿಲ್ಲ. ಮೆಣಸು ಕುಯ್ಯೋಕೆ ಆಳು ಸಿಗ್ತಾರೆ, ಆ ಮಕ್ಕಳಿಗೆ ತಾಯಿ ಸಿಗಲ್ಲ" ಎಂದರು ಗಿರಿಜಮ್ಮ. "ನಂಗೆ ಹೇಳ್ದೆ ಮುಚ್ಚಿಟ್ಟ ಅವ್ನು. ನಾನೇ ಕರ್ಕಂಡು ಬರ್ತೀನಿ. ಆದ್ರೆ ಅಮಾವಾಸ್ಯೆ ಬೇಡ, ರಾಹುಕಾಲನೂ ಬೇಡ. ಒಂದು ಒಳ್ಳೇ ದಿನ ನೋಡಿ ಹೇಳಿ."

ನಾನು ಗೋಡೆಯಿಂದ ಪಂಚಾಂಗ ತೆಗೆದು ಇಬ್ಬರ ನಡುವೆ ಮೇಜಿನ ಮೇಲೆ ಬಿಡಿಸಿದೆ. ದಸರಾ ಕಳೆದ ಮೇಲಿನ ಗುರುವಾರ ತಿಥಿ ಚೆನ್ನಾಗಿತ್ತು. ಆ ಗುರುವಾರ ಮೊದಲ ಬಸ್ಸಿಗೆ ತಾಯಿ ಮಗ ಇಬ್ಬರೂ ಮೂಡಿಗೆರೆಯ ಆಸ್ಪತ್ರೆ ಮುಂದೆ ಬಂದು ಇಳಿದರು. ಮಗನ ಹಣೆಯಲ್ಲಿ ಕುಂಕುಮ ಇತ್ತು.